ಒಂದೇ ಬಳಗದ ಎರಡು ವಿಮಾನ

ಗೊತ್ತಿಲ್ಲದ ವಿಷಯವನ್ನು ವಿವರಿಸುವುದರಲ್ಲಿ ಇರುವ ಸುಖ ಗೊತ್ತಿರುವುದನ್ನು ವಿವರಿಸುವುದರಲ್ಲಿ ಇಲ್ಲ ಎಂದು ನನ್ನ ಅನುಭವ. ಗೊತ್ತಿರುವುದನ್ನು ಹೇಳುವಾಗ ಎಲ್ಲಿ ತಪ್ಪೀತೋ ಎಂಬ ಅಳುಕು ಇರುತ್ತದೆ; ಗೊತ್ತಿಲ್ಲದ್ದನ್ನು ಹೇಳುವಾಗ ಆ ಅಳುಕಿಗೆ ಜಾಗವೇ ಇಲ್ಲ. ಈ ಸುಖವನ್ನು ನಾನು ಬಳ್ಳಾರಿಯಲ್ಲಿ ವಿಮಾನದ ಟಿಕೆಟ್ ಮಾರುತ್ತ ಬಹಳ ದಿನ ಉಂಡಿದ್ದೇನೆ. ಆಗ ನಾನು ವಿಮಾನವನ್ನು ನೋಡಿದ್ದು ಕತ್ತೆತ್ತಿ ಮಾತ್ರ.

ಬ್ರೂಸ್‌ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಖಾದರ್ ಸಾಬರ ಟ್ರಾವೆಲ್ಸ್. ಖಾದರ್ ಸಾಬರು ಮಾಲೀಕರು, ನಾನು ಉಳಿದ ಎಲ್ಲವೂ. ರೈಲಿನ ರಿಸರ್ವೇಶನ್, ಅಜ್ಮೀರಕ್ಕೆ ಶಿರಡಿಗೆ ಬಸ್ಸು ಎಂದು ತಣ್ಣಗೆ ನಡೆದುಕೊಂಡು ಹೋಗುತ್ತಿದ್ದ ಅಂಗಡಿ. ಅಷ್ಟರಲ್ಲಿ ಅದಿರಿನ ಕಾಲ ಬಂತು. ಬಳ್ಳಾರಿಯ ಮಣ್ಣಿಗೆ ಚೀನಾದಲ್ಲಿ ಅಷ್ಟು ಮರ್ಯಾದೆ ಇದೆಯೆಂದು ಯಾರಿಗೆ ಗೊತ್ತಿತ್ತು? ಕೆಂಪು ದೂಳು ಮೆತ್ತಿದ ಬೂಟಿನ ಜನ ಮೆಟ್ಟಿಲು ಹತ್ತಿ ಬಂದು, ಸಿನಿಮಾ ಟಿಕೆಟ್ ಕೇಳುವ ಹಾಗೆ "ಚೈನಾಕ್ಕ ಎರಡು ಕೊಡ್ರಿ" ಎನ್ನತೊಡಗಿದರು. ಒಬ್ಬರಂತೂ ಹೊರಡುವ ದಿನ ದಾರಿಯಿಂದಲೇ ಫೋನು ಮಾಡಿ, "ರಾಮಣ್ಣ, ಅದಿರು ಲಾರಿ ಸಾಲುಗಟ್ಟಿ ನಿಂತಾವ, ಕಾರು ಮುಂದಕ್ಕ ಹೋಗವಲ್ದು. ಪೈಲಟ್‌ಗೆ ಒಂದ್ ಮಾತು ಹೇಳಿಡು" ಎಂದರು. ಹೇಳುತ್ತೇನೆ ಎಂದು ನಾನೂ ಗಂಭೀರವಾಗಿ ಒಪ್ಪಿಕೊಂಡೆ. ವಿಮಾನ ಹೋಯಿತು. ಅವರು ಪೈಲಟ್‌ನನ್ನು ಬೈದರು, ನನ್ನನ್ನಲ್ಲ.

ಇಂಥ ದಿನಗಳಲ್ಲೇ ಒಂದು ಮಧ್ಯಾಹ್ನ ಕುರುಗೋಡಿನ ಚನ್ನಬಸಪ್ಪ ಬಂದರು. ಅದಿರು ಸಾಗಿಸುವ ಲಾರಿಗಳ ಧಣಿ, ದೊಡ್ಡ ದನಿಯ ಮನುಷ್ಯ. ಗ್ವಾಂಗ್‌ಝೌ ಎಂಬ ಊರಿನಲ್ಲಿ ಯಂತ್ರಗಳ ಮೇಳ ಇದೆ, ಕಲ್ಲು ಒಡೆಯುವ ಯಂತ್ರ ನೋಡಬೇಕು ಎಂದರು. ಅವರು ಮೆಟ್ಟಿಲಿಳಿದು ಹೋದ ಸ್ವಲ್ಪ ಹೊತ್ತಿಗೆ ಸಿರುಗುಪ್ಪದ ಮಲ್ಲೇಶಪ್ಪ ಬಂದರು. ಅಕ್ಕಿ ಗಿರಣಿಯವರು, ಬಿಳಿ ಅಂಗಿ, ಮೆಲ್ಲನೆಯ ಮಾತು. ಅವರಿಗೂ ಅದೇ ಊರು, ಅದೇ ಮೇಳ. ನೋಡಬೇಕಾದದ್ದು ಮಾತ್ರ ಅಕ್ಕಿಯಲ್ಲಿ ಕಪ್ಪುಕಾಳು ಆರಿಸುವ ಯಂತ್ರ. "ಕುರುಗೋಡಿನ ಚನ್ನಬಸಪ್ಪನವರೂ ಅಲ್ಲಿಗೇ ಹೊರಟಿದ್ದಾರೆ, ಇಬ್ಬರಿಗೂ ಒಟ್ಟಿಗೇ ಸೀಟು ಹಾಕಲೇ?" ಎಂದು ಕೇಳಿದೆ. ಮಲ್ಲೇಶಪ್ಪನವರ ಮುಖ ಬದಲಾಯಿತು. "ಆ ಮನುಷ್ಯ ಕುಂತ ವಿಮಾನದಾಗ ನಾ ಕಾಲಿಡಂಗಿಲ್ಲ" ಎಂದರು.

ಇಬ್ಬರೂ ಷಡ್ಡಕರು. ಕರೂರಿನ ಒಬ್ಬರೇ ಮಾವನ ಇಬ್ಬರು ಹೆಣ್ಣುಮಕ್ಕಳನ್ನು ಮದುವೆಯಾದವರು. ಜಗಳದ ಕಾರಣವನ್ನು ಆಮೇಲೆ ಖಾದರ್ ಸಾಬರು ಹೇಳಿದರು. ಮಾವನ ಮನೆಯ ಊಟಕ್ಕೆ ಬಂದ ಚನ್ನಬಸಪ್ಪ, ಅಂಗಳದಲ್ಲಿ ಒಣಹಾಕಿದ್ದ ಭತ್ತದ ಪಕ್ಕದಲ್ಲೇ ಕಾರು ನಿಲ್ಲಿಸಿ, ಅದರ ಮೇಲಿನ ಕೆಂಪು ದೂಳನ್ನು ಜಾಡಿಸಿದರಂತೆ. ದೂಳು ಅರ್ಧ ಭತ್ತದ ಮೇಲೆ, ಅರ್ಧ ಮಲ್ಲೇಶಪ್ಪನವರ ಅಂಗಿಯ ಮೇಲೆ. "ಮಣ್ಣು ಮಾರೋರ ಪಂಕ್ತ್ಯಾಗ ನಾ ಉಣ್ಣಂಗಿಲ್ಲ" ಎಂದು ಅವರು ಎದ್ದರಂತೆ. "ನಮ್ಮ ಮಣ್ಣು ಹಡಗ ಏರತೈತಿ, ನಿನ್ನ ಅಕ್ಕಿ ಸಿರುಗುಪ್ಪ ದಾಟಂಗಿಲ್ಲ" ಎಂದು ಚನ್ನಬಸಪ್ಪ ಕೂತಲ್ಲಿಂದಲೇ ಹೇಳಿದರಂತೆ. ಅಂದಿನಿಂದ ಮಾತಿಲ್ಲ. ಅಕ್ಕತಂಗಿಯರು ಮಾತ್ರ ಗಂಡಂದಿರ ಕಣ್ಣು ತಪ್ಪಿಸಿ ಫೋನಿನಲ್ಲಿ ಮಾತಾಡುತ್ತಿದ್ದರು. ಈಗ ಮಾವನವರು, ಪರದೇಶಕ್ಕೆ ಹೋಗುವುದಾದರೆ ಇಬ್ಬರೂ ಒಟ್ಟಿಗೇ ಹೋಗಬೇಕು, ಇಲ್ಲವಾದರೆ ಯಾರೂ ಬೇಡ ಎಂದು ಹಟ ಹಿಡಿದಿದ್ದರು.

ನಾನು ಬುದ್ಧಿ ಓಡಿಸಿ ಇಬ್ಬರನ್ನೂ ಒಂದೇ ದಿನ, ಬೇರೆ ಬೇರೆ ಕಂಪನಿಯ ವಿಮಾನಗಳಲ್ಲಿ ಕೂರಿಸಿದೆ. ಅವು ಬೇರೆ ಬೇರೆ ಊರಿನ ಮೇಲೆ ಹೋಗಿ ಕಡೆಗೆ ಗ್ವಾಂಗ್‌ಝೌ ತಲುಪಿಸುತ್ತಿದ್ದವು. ಆದರೆ ಎರಡೂ ವಿಮಾನ ಕಂಪನಿಗಳ ಒಂದೇ ಒಕ್ಕೂಟಕ್ಕೆ ಸೇರಿದವು, ಎರಡರ ಮೈಮೇಲೂ ಒಂದೇ ಗುರುತು. ಇದನ್ನು ಮಾವನವರಿಗೆ ಫೋನಿನಲ್ಲಿ ವಿವರಿಸಿದೆ: "ಎರಡೂ ಒಂದೇ ಬಳಗದ ವಿಮಾನ, ಯಜಮಾನರೇ. ಒಟ್ಟಿಗೆ ಹೋದ ಹಾಗೇ ಲೆಕ್ಕ." ಮುದುಕರು ನಂಬಿದರು. "ಆದರೂ ಏರ್‌ಪೋರ್ಟಿನ ತನಕ ನೀನೂ ಹೋಗಪಾ" ಎಂದರು. ಪೂರ್ತಿ ನಂಬಿರಲಿಲ್ಲ.

ಬೆಂಗಳೂರಿಗೆ ಎರಡು ಕಾರು ಹೊರಟವು. ನಾನು ಚಿತ್ರದುರ್ಗದವರೆಗೆ ಒಂದರಲ್ಲಿ, ಅಲ್ಲಿಂದ ಇನ್ನೊಂದರಲ್ಲಿ ಕೂತು ಸಮಾನತೆ ಕಾಪಾಡಿದೆ. ವಿಮಾನ ನಿಲ್ದಾಣದಲ್ಲಿ ಸಂದರ್ಶಕರ ಚೀಟಿ ಪಡೆದು ಒಳಗೆ ಹೋಗುವಷ್ಟರಲ್ಲಿ ಚನ್ನಬಸಪ್ಪ ಪೆಟ್ಟಿಗೆ ಒಪ್ಪಿಸಿ ಬೋರ್ಡಿಂಗ್ ಪಾಸು ಹಿಡಿದಿದ್ದರು. ಮಲ್ಲೇಶಪ್ಪ ಇನ್ನೊಂದು ಕೌಂಟರಿನ ಮುಂದೆ ಕಲ್ಲಿನಂತೆ ನಿಂತಿದ್ದರು. ಅವರ ವಿಮಾನ ರದ್ದಾಗಿತ್ತು.

ನನ್ನ ಜ್ಞಾನ ಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? "ಅದಕ್ಕೇನಂತೆ, ಆ ಕೌಂಟರಿನವರ ವಿಮಾನ ನಿಮ್ಮದೇ ಬಳಗದ್ದಲ್ಲವೇ, ಇವರನ್ನು ಅದರಲ್ಲಿ ಕಳಿಸಿ" ಎಂದು ಕೌಂಟರಿನ ಹುಡುಗನಿಗೆ ಹೇಳಿದೆ. ಅವನು ಕರ್ನೂಲಿನ ಕಡೆಯವನು. ನಮ್ಮ ಮುಖ ನೋಡಿ ಊರು ಗುರುತಿಸಿದವನಂತೆ ತೆಲುಗಿನಲ್ಲೇ "ಫ್ಯಾಮಿಲಿ ಒಕಟೇ ಸಾರ್, ಸೀಟ್ಲು ವೇರೆ" ಎಂದ. ಸಂಸಾರ ಒಂದೇ, ಸೀಟು ಬೇರೆ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದ. ಒಕ್ಕೂಟವೆಂದರೆ ಒಬ್ಬರ ಪ್ರಯಾಣಿಕರನ್ನು ಇನ್ನೊಬ್ಬರು ತಮ್ಮ ವಿಶ್ರಾಂತಿ ಕೋಣೆಯಲ್ಲಿ ಕೂರಿಸಿ ಚಹಾ ಕೊಡುವುದು, ಹಾರಿದ ದೂರಕ್ಕೆ ಪಾಯಿಂಟು ಸೇರಿಸುವುದು, ಇಂಥ ಹೊರಗಿನ ಮರ್ಯಾದೆ. ಒಬ್ಬರ ವಿಮಾನಕ್ಕೆ ಇನ್ನೊಬ್ಬರು ತಮ್ಮ ನಂಬರು ಹಾಕಿ ಟಿಕೆಟ್ ಮಾರುವುದಕ್ಕೆ ಕೋಡ್‌ಶೇರ್ ಎನ್ನುತ್ತಾರೆ. ಅದಕ್ಕೆ ಆ ಇಬ್ಬರೇ ಕೂತು ಬೇರೆ ಒಪ್ಪಂದ ಮಾಡಿಕೊಳ್ಳಬೇಕು, ಸರ್ಕಾರಗಳ ಅಪ್ಪಣೆ ಬೇಕು. ಇಲ್ಲಿ ಇಬ್ಬರೂ ಚೀನಾಕ್ಕೆ ಹೋಗುವ ಅದೇ ಗಿರಾಕಿಯನ್ನು ತಮ್ಮ ತಮ್ಮ ಊರಿನ ಮೇಲೆ ಎಳೆಯುವವರು. ಗಿರಾಕಿಯನ್ನು ಯಾಕೆ ಹಂಚಿಕೊಂಡಾರು? ಇನ್ನು ಇವರದು ರಿಯಾಯಿತಿ ಟಿಕೆಟ್ಟು, ಬೇರೆ ಕಂಪನಿಗೆ ವರ್ಗ ಮಾಡಲು ಬರುವುದಿಲ್ಲ. ನಾಳೆ ನಮ್ಮದೇ ವಿಮಾನದಲ್ಲಿ ಕಳಿಸುತ್ತೇವೆ ಎಂದ.

ಇದನ್ನು ಚನ್ನಬಸಪ್ಪ ಹಿಂದೆ ನಿಂತು ಕೇಳಿಸಿಕೊಂಡಿದ್ದರು. ನಾನು ಹೋಗಿ, "ನೀವು ಹೊರಡಿ ಧಣಿ, ಇವರನ್ನು ನಾನು ನೋಡಿಕೊಳ್ಳುತ್ತೇನೆ" ಎಂದೆ. ಅವರು ನಾಲ್ಕು ಹೆಜ್ಜೆ ಹೋದರು, ನಿಂತರು. ದೂರದಲ್ಲಿ ಮಲ್ಲೇಶಪ್ಪ ಪೆಟ್ಟಿಗೆಯ ಮೇಲೆ ಕೂತು, ಕರವಸ್ತ್ರದಿಂದ ಕಣ್ಣೋ ಬೆವರೋ ಒರೆಸಿಕೊಳ್ಳುತ್ತಿದ್ದರು. ಬೆಂಗಳೂರು ದಾಟಿ ಗೊತ್ತಿಲ್ಲದ ಮನುಷ್ಯ.

ಚನ್ನಬಸಪ್ಪ ಸರಸರನೆ ವಾಪಸು ಬಂದರು. "ಲೇ ರಾಮಣ್ಣ, ನನ್ನ ಪೆಟ್ಟಿಗಿ ಇಳಿಸಾಕ ಹೇಳು."

"ಯಾಕೆ ಧಣಿ?"

"ಆತಗ ಇಂಗ್ಲಿಷ್ ಓದಾಕ ಬರತೈತಿ, ಮಾತಾಡಾಕ ನಾಚಿಕಿ. ನನಗ ಓದಾಕ ಬರಂಗಿಲ್ಲ, ನಾಚಿಕಿ ಇಲ್ಲ. ಒಬ್ಬೊಬ್ರ ಹೋದ್ರ ಇಬ್ಬರೂ ಕಳದು ಹೋಗ್ತೀವಿ."

ಮಲ್ಲೇಶಪ್ಪ ತಲೆ ಎತ್ತಿದರು. "ನನ್ನ ಸಲುವಾಗಿ ಯಾರೂ ಉಳೀಬೇಕಾಗಿಲ್ಲ" ಎಂದು ನನಗೆ ಹೇಳಿದರು.

"ನಿನ್ನ ಸಲುವಾಗಿ ಯಾರು ಉಳೀತಾರ? ನಿನ್ನ ಬಿಟ್ಟು ಹೋದ್ರ ನನ್ನ ಹೆಂಡತಿ ಮನಿಗೆ ಸೇರಸಂಗಿಲ್ಲ" ಎಂದು ಚನ್ನಬಸಪ್ಪ ನೇರವಾಗಿ ಅವರಿಗೇ ಹೇಳಿದರು.

ಮಲ್ಲೇಶಪ್ಪ ಪೆಟ್ಟಿಗೆಯ ಮೇಲೆ ಒಂದು ಬದಿಗೆ ಸರಿದು, "ಕುಂದರ್ರಿ" ಎಂದರು. ಅಷ್ಟು ಸಣ್ಣ ಪೆಟ್ಟಿಗೆಯ ಮೇಲೆ ಅಷ್ಟು ದೊಡ್ಡ ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂತರು. ನಗುವ ಧೈರ್ಯ ನನಗಾಗಲಿಲ್ಲ.

ಚನ್ನಬಸಪ್ಪನವರಿಗೆ ಷಡ್ಡಕರ ಮರುದಿನದ ವಿಮಾನಕ್ಕೇ ಹೊಸದಾಗಿ ಟಿಕೆಟ್ ಕೊಡಿಸಿದೆ. ಅವರ ಹಳೆಯ ಟಿಕೆಟ್ಟನ್ನೂ ಇನ್ನೊಂದು ಕಂಪನಿ ಮುಟ್ಟಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಇಬ್ಬರನ್ನೂ ಕಳಿಸಿ ಬಳ್ಳಾರಿಗೆ ಬಂದ ಮೇಲೆ ಚೀನಾದಿಂದ ಫೋನು ಬಂತು. ಒಂದೇ ಫೋನಿನಲ್ಲಿ ಎರಡು ದನಿ. "ಇಲ್ಲಿ ಅನ್ನ ಮುದ್ದಿ ಮುದ್ದಿ ಐತಿ, ಇವರಿಗೆ ನಮ್ಮ ಸೋನಾ ಮಸೂರಿ ತೋರಸಬೇಕು" ಎಂದು ಮಲ್ಲೇಶಪ್ಪ. "ಹಡಗಿನಾಗ ನಾ ಕಳಸ್ತೀನಿ" ಎಂದು ಚನ್ನಬಸಪ್ಪ. ಕರೂರಿನ ಮುದುಕರಿಗೆ ಸುದ್ದಿ ಮುಟ್ಟಿಸಿದೆ. ಮರುದಿನ ನಮ್ಮ ಅಂಗಡಿಗೆ ಒಂದು ಮೂಟೆ ಅಕ್ಕಿ ಬಂತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಸುಖವಾಗಿರುತ್ತಿದ್ದೆ. ವಾಪಸು ಬಂದ ಷಡ್ಡಕರು ಯಂತ್ರದ ಸುದ್ದಿ ಬಿಟ್ಟು, ಸ್ವಂತ ಟ್ರಾವೆಲ್ಸ್ ತೆಗೆಯುತ್ತೇವೆಂದು ನಮ್ಮ ಎದುರು ಸಾಲಿನಲ್ಲೇ ಮಳಿಗೆ ಹಿಡಿದರು. ಮ್ಯಾನೇಜರ್ ಆಗಿ ಬಾ ಎಂದು ನನ್ನನ್ನು ಕರೆದರು. ನನ್ನೊಳಗಿನ ನಿಷ್ಠೆ ಜಾಗೃತವಾಯಿತು. ಖಾದರ್ ಸಾಬರ ಮುಂದೆ ನಿಂತು, ಎಷ್ಟು ಆಸೆ ತೋರಿಸಿದರೂ ನಿಮ್ಮನ್ನು ಬಿಟ್ಟು ಹೋಗುವವನು ನಾನಲ್ಲ, ಈ ಮೆಟ್ಟಿಲು ಹತ್ತಿಯೇ ನನ್ನ ಮೊಣಕಾಲು ಸವೆದಿದೆ ಎಂದೆಲ್ಲ ಕಣ್ಣಲ್ಲಿ ನೀರು ತುಂಬಿಕೊಂಡು ಮಾತಾಡಿದೆ. ಸಾಬರು ಪೂರ್ತಿ ಕೇಳಿದರು.

"ಹೋಗು ರಾಮಣ್ಣ" ಎಂದರು. "ಅದರಾಗ ನಾನೂ ಪಾಲುದಾರ ಅದೀನಿ. ಈ ಅಂಗಡಿ ಮುಚ್ಚೂದನ್ನ ನಿನಗ ಹೆಂಗ ಹೇಳಬೇಕಂತ ನಾನೂ ಚಿಂತಿ ಮಾಡತಿದ್ದೆ."

ಈಗ ನನಗೆ ಮೂವರು ಮಾಲೀಕರು. ಒಬ್ಬರಿಗೆ ಸಕ್ಕರೆ ಹಾಕಿದ ಚಹಾ, ಒಬ್ಬರಿಗೆ ಸಕ್ಕರೆ ಇಲ್ಲದ್ದು, ಒಬ್ಬರಿಗೆ ಬರೀ ಹಾಲು. ಮೂವರಲ್ಲಿ ಎಷ್ಟು ಅನ್ಯೋನ್ಯವೆಂದರೆ, ನನ್ನನ್ನು ಬೈಯುವಾಗಲೂ ಒಬ್ಬರು ನಿಲ್ಲಿಸಿದ ಕಡೆಯಿಂದ ಇನ್ನೊಬ್ಬರು ಮುಂದುವರಿಸುತ್ತಾರೆ.