ಗೋಡೆಯಾಚೆಗೆ ಚಾಚಿದ ಕಂಬಿ

ಮನುಷ್ಯ ಮನೆ ಕಟ್ಟುವುದು ತಾನು ವಾಸ ಮಾಡಲಿಕ್ಕೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಕಟ್ಟುವುದು ಎದುರುಮನೆಯವರು ನೋಡಲಿಕ್ಕೆ. ವಾಸ ಆಮೇಲಿನ ಮಾತು. ಐವತ್ತರ ದಶಕದ ಕೊನೆಯಲ್ಲಿ ಹೊಳೆನರಸೀಪುರದಲ್ಲಿ ಮನೆ ಕಟ್ಟಿಸಿದಾಗ ಹೆಂಚು ಬೇಡವೆಂದು ಹಟ ಹಿಡಿದು, ಹಳೆಯ ರೈಲು ಕಂಬಿಗಳನ್ನು ತೊಲೆಯಾಗಿ ಹಾಕಿಸಿ, ಮೇಲೆ ಕಲ್ಲುಚಪ್ಪಡಿ ಹಾಸಿ ತಾರಸಿ ಮಾಡಿಸಿದೆ. ಕಂಬಿಗಳ ತುದಿ ಗೋಡೆಯಿಂದಾಚೆಗೆ ಒಂದು ಮೊಳ ಚಾಚಿರಬೇಕೆಂದೂ ಅಪ್ಪಣೆ ಮಾಡಿದೆ. ಮುಂದೆ ಮಹಡಿ ಎತ್ತಿದಾಗ ಅದರ ಮೇಲೆ ಬಾಲ್ಕನಿ ಬರಬೇಕಲ್ಲ! ಮಹಡಿ ಎತ್ತುವ ತ್ರಾಣ ನನಗಿರಲಿಲ್ಲ. ಆದರೆ ಮಹಡಿ ಬರಲಿದೆ ಎಂಬುದು ಬೀದಿಗೆ ಗೊತ್ತಾಗಬೇಡವೇ?

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಕಟ್ಟಡಗಳ ನಕ್ಷೆ ಬರೆಯುವವನು. ಊರವರ ಶಾಲೆ, ಆಸ್ಪತ್ರೆಗಳಿಗೆಲ್ಲ ಗೋಡೆಯನ್ನು ನಡುವೆ ಸೀಳಿದಂತೆ ಬರೆದು, ಯಾವ ಕಲ್ಲು ಎಲ್ಲಿ ಕೂರಬೇಕು, ಗಾರೆ ಎಷ್ಟು ದಪ್ಪ ಎಂದು ತೋರಿಸುತ್ತಿದ್ದೆ. ಸ್ವಂತ ಮನೆಗೆ ಬರೆದದ್ದು ಮುಂಭಾಗದ ಚಿತ್ರ ಮಾತ್ರ. ಅದಕ್ಕೆ ಬಣ್ಣ ಹಚ್ಚಿ, ಪಕ್ಕದಲ್ಲೊಂದು ತೆಂಗಿನಮರವನ್ನೂ ನಿಲ್ಲಿಸಿದ್ದೆ. ಮೇಸ್ತ್ರಿ ಸಿದ್ದಯ್ಯ ಅದನ್ನು ಅತ್ತಿತ್ತ ತಿರುಗಿಸಿ ನೋಡಿ, "ಮರ ಚೆಂದಾಗದೆ ಸಾ. ಕಂಬಿ ಮಾತ್ರ ಗ್ವಾಡೆ ಒಳಗೇ ನಿಲ್ಸಿ, ಆಚೆಗೆ ಇಟ್ಟಿಗೆ ಮುಚ್ಚಾಣ. ಕುದಿಯೋ ಸಾರಲ್ಲಿ ಕಬ್ಬಿಣದ ಸೌಟು ಬುಟ್ರೆ ಹಿಡಿನೂ ಸುಡಾಕಿಲ್ವಾ? ಅಂಗೇಯ, ಆಚೆ ಚಳಿ ಬಿಸ್ಲೆಲ್ಲ ಒಳೀಕೆ ಬತ್ತದೆ" ಎಂದ. "ನಕ್ಷೆ ಬರೆಯೋನು ನಾನೋ ನೀನೋ?" ಎಂದೆ. ಅವನು ಕಂಬಿಗಳನ್ನು ನಾನು ಹೇಳಿದಂತೆಯೇ ಕೂರಿಸಿದ.

ಧನುರ್ಮಾಸದ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದೆ. ಕುತ್ತಿಗೆಯ ಮೇಲೆ ತಣ್ಣಗಿನ ಹನಿಯೊಂದು ಬಿತ್ತು. ಇನ್ನೊಂದು, ತುಕ್ಕಿನ ಬಣ್ಣದ್ದು, ಕಚೇರಿಯ ಬಿಳಿ ಅಂಗಿಯ ಮೇಲೆ. "ತಾರಸಿ ಸೋರ್ತಿದೆ! ಸಿದ್ದಯ್ಯ ಗಾರೇಲಿ ಮೋಸ ಮಾಡಿದಾನೆ!" ಎಂದು ಕೂಗಿದೆ. ಹೆಂಡತಿ ಒಲೆಯಿಂದ ತಲೆಯೆತ್ತದೆ, "ಮಳೆ ನಿಂತು ತಿಂಗಳಾಯ್ತಲ್ರೀ, ಸೋರೋಕೆ ನೀರೆಲ್ಲಿಂದ ಬಂತು?" ಎಂದಳು. "ಹಳೇ ಮಳೆ ನೀರು ಗಾರೆಯೊಳಗೆ ಅಡಗಿ ಕೂತಿರುತ್ತೆ" ಎಂದೆ. ವಾದದಲ್ಲಿ ಸೋಲುವ ದುರಭ್ಯಾಸ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಕಚೇರಿಯಲ್ಲಿ, ಕಾಫಿ ಕ್ಲಬ್ಬಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಇದನ್ನೇ ಸಾರಿದೆ. ಮಾತು ಅರಕಲಗೂಡಿಗೆ ಬಸ್ಸಿಗಿಂತ ಮೊದಲೇ ತಲುಪಿತು. ಅಲ್ಲಿನ ಗೌಡರೊಬ್ಬರು ತಮ್ಮ ಹೊಸಮನೆಯ ಕೆಲಸವನ್ನು ಸಿದ್ದಯ್ಯನಿಗೆ ಒಪ್ಪಿಸಿದ್ದರು. ಸೋರುವ ತಾರಸಿ ಕಟ್ಟುವವನು ಬೇಡ ಎಂದುಬಿಟ್ಟರಂತೆ.

ಮರುದಿನವೇ ಸಿದ್ದಯ್ಯ ಬಂದ. ಜಗಳಕ್ಕೇ ಬಂದನೆಂದು ನಾನು ಪಂಚೆ ಎತ್ತಿ ಕಟ್ಟಿ ಸಿದ್ಧನಾದೆ. ಅವನು ನೇರವಾಗಿ ಏಣಿ ಹತ್ತಿ, ಅಡುಗೆಮನೆಯ ಮೂರು ಕಂಬಿಗಳಲ್ಲಿ ನಡುವಿನದರ ಹೊರತುದಿಗೆ ಮಾತ್ರ ಹುಲ್ಲು ತುಂಬಿದ ಗೋಣಿಚೀಲ ಸುತ್ತಿ ಬಿಗಿದು ಹೊರಟುಹೋದ. ಮಾರನೆಯ ಬೆಳಿಗ್ಗೆ ಅನ್ನ ಕುದಿದು ಹಬೆ ಮೇಲೇರಿತು. ಎಡಬಲದ ಕಂಬಿಗಳು ಬೆವೆತು ತೊಟ್ಟಿಕ್ಕಿದವು. ನಡುವಿನದು ಒಣಗಿಕೊಂಡೇ ಇತ್ತು. ಹೊರಗಿನ ಚಳಿಯನ್ನು ಕಂಬಿಯೇ ಒಳಗೆ ತರುತ್ತಿತ್ತು, ಹಬೆ ಅದಕ್ಕೆ ತಗುಲಿ ನೀರಾಗುತ್ತಿತ್ತು. ತಾರಸಿ ಸೋರಿರಲೇ ಇಲ್ಲ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆ ಗೋಣಿಚೀಲದ ಮೇಲೆ ಸಿಟ್ಟು ಬಂತು.

"ನಂಗೇನೂ ಬ್ಯಾಡ ಸಾ" ಎಂದ ಸಿದ್ದಯ್ಯ, ಮತ್ತೆ ಬಂದಾಗ. "ಅರಕಲಗೂಡ್ಗೆ ಬಂದು ಗೌಡ್ರ ಮುಂದೆ ನಿಮ್ ಬಾಯಲ್ಲೇ ಒಂದ್ ಮಾತು ಯೋಳ್ಬುಡಿ. ಇಪ್ಪತ್ತೊರ್ಸದಿಂದ ಈ ಕೆಲ್ಸ ಮಾಡ್ತಿವ್ನಿ, ಇಂಥ ಮಾತು ಕೇಳಿರ್ನಿಲ್ಲ."

ಹೋದೆ. ಗೌಡರ ಜಗುಲಿಯಲ್ಲಿ ಕೂತು ಕಬ್ಬಿಣದ ಗುಣ, ಹಬೆಯ ಸ್ವಭಾವ ಎಂದು ಅರ್ಧ ಗಂಟೆ ವಿವರಿಸಿದೆ. ಗೌಡರು ಎಲೆಅಡಿಕೆ ಮೆಲ್ಲುತ್ತ ಎಲ್ಲ ಕೇಳಿ, "ಅದೆಲ್ಲ ಸರಿ ಸಾ, ತಪ್ಪು ಯಾರ್ದು?" ಎಂದರು.

"ಕಂಬಿದು" ಎಂದೆ.

ಸಿದ್ದಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. ಅವನು ಜಗುಲಿ ಇಳಿಯುವ ಮೊದಲೇ, "ನಂದು ಗೌಡ್ರೇ. ಸಿದ್ದಯ್ಯ ಬೇಡ ಅಂದಿದ್ದ, ನಾನೇ ಕೇಳ್ಲಿಲ್ಲ" ಎಂದುಬಿಟ್ಟೆ.

ಗೌಡರು ಸಿದ್ದಯ್ಯನ ಕಡೆ ತಿರುಗಿ, "ಕೆಲ್ಸ ನಿಂದೇ ಕಣ್ಲಾ. ಆದ್ರೆ ನಕ್ಷೆ ಮಾತ್ರ ಈ ಸಾಹೇಬ್ರ ಕೈಲಿ ಬರೆಸ್ಬ್ಯಾಡ" ಎಂದರು.

ನಾನೇನು ಬಗ್ಗುವವನೇ? "ನನಗೂ ಪುರುಸೊತ್ತಿಲ್ಲ ಬಿಡಿ" ಎಂದೆ, ಎದೆ ಸೆಟೆಸಿಯೇ. ಅಂದಿನಿಂದ ಇಂದಿನವರೆಗೆ, ಮನೆ ಕಟ್ಟಿಸುವ ಒಬ್ಬನೇ ಒಬ್ಬನೂ ನನ್ನ ಪುರುಸೊತ್ತು ಕೇಳಿಕೊಂಡು ಬಂದಿಲ್ಲ.