ಬೀಗರ ಮಾದಮ್ಮಂದಿರು

ಆಗ ನನಗೆ ಅರವತ್ತೊಂದು. ಆರು ವರ್ಷದ ಹಿಂದಿನ ಮಾತು. ನನ್ನ ಬೀಗರಿಗೆ, ಅಂದರೆ ಮಗಳ ಮಾವನಿಗೆ, ಊರಿಗೊಬ್ಬಳು ಮಾದಮ್ಮ ಇದ್ದಾಳೆ ಅಂತ ನಾನು ಗಟ್ಟಿಯಾಗಿ ನಂಬಿದ್ದೆ. ನಂಬದೆ ಏನು ಮಾಡಲಿ? ಹೆಂಡತಿ ತೀರಿಕೊಂಡ ಗಂಡಸು, ವಾರಕ್ಕೆರಡು ಸಲ ತಲೆಗೆ ಎಣ್ಣೆ ಹಚ್ಚಿ, ಬಿಳಿ ಪಂಚೆ ಉಟ್ಟು, ತೆರಕಣಾಂಬಿಯಿಂದ ಮೊಪೆಡ್ ಹತ್ತಿ ಹೊರಡುತ್ತಿದ್ದರು. ಎಲ್ಲಿಗೆ ಅಂದರೆ, "ಮಾದಮ್ಮನ್ನ ನೋಡಕೆ"! ಅದೂ ಸೊಸೆ ಮುಂದೆ!

ಚಾಮರಾಜನಗರದಲ್ಲಿದ್ದ ನನಗೆ ಮಗಳು ಫೋನು ಮಾಡುತ್ತಿದ್ದಳು. "ಅವ್ವಾ, ಇವತ್ತು ಬೇರೆ ಮಾದಮ್ಮನಂತೆ ಕಣವ್ವ."

"ಹೋದ ವಾರದವಳು ಏನಾದಳು ಕಣಮ್ಮಿ?"

"ಅವಳಲ್ವಂತೆ. ಕುಳ್ಳಗವ್ಳಂತೆ."

ನೋಡಿದಿರಾ? ಎತ್ತರ ಬೇರೆ ಬೇಕು ಈ ಯಜಮಾನನಿಗೆ!

ನಮ್ಮ ಸೀಮೆಯಲ್ಲಿ ಮಾದಮ್ಮಂದಿರಿಗೇನು ಬರವೇ? ಗುಂಡ್ಲುಪೇಟೆ ಬಸ್ಸಲ್ಲಿ ನಿಂತು ಹೆಸರು ಕೂಗಿ ನೋಡಿ, ಎಂಟು ತಲೆ ತಿರುಗುತ್ತವೆ. ಒಂಬತ್ತನೆಯದು ನನ್ನದು. ಹೆಣ್ಣು ನೋಡಲು ಬಂದ ದಿನವೇ ಈ ಬೀಗರು ನನ್ನ ಹೆಸರು ಕೇಳಿ ಕಾಫಿ ಲೋಟ ಕೆಳಗಿಟ್ಟು, "ನಿಮ್ದೂ ಅದೇಯಾ?" ಅಂತ ಕಣ್ಣು ತುಂಬಿಕೊಂಡಿದ್ದರು. ನಾನು ಸೆರಗು ಬಿಗಿಮಾಡಿ ಒಳಕ್ಕೆ ಹೋಗಿದ್ದೆ. ಅವತ್ತಿನ ಅನುಮಾನ ಇದು.

ಪತ್ತೆ ಮಾಡಿಯೇ ಬಿಡುತ್ತೇನೆ ಅಂತ ಒಂದು ದಿನ ಮಗಳ ಮನೆಗೆ ಹೋದೆ. ಬೀಗರು ಮೊಪೆಡ್ ತೆಗೆದ ಕೂಡಲೆ, "ನಾನೂ ಬತ್ತೀನಿ" ಅಂದೆ. ಬೆದರುತ್ತಾರೆ ಅಂದುಕೊಂಡರೆ, "ಕೂತ್ಕಳಿ ಬೀಗ್ತಿ, ಸೀರೆ ಜೋಪಾನ" ಅಂದರು. ನಾಚಿಕೆ ಬಿಟ್ಟವರು ಅಂದುಕೊಂಡೆ.

ಗುಂಡ್ಲುಪೇಟೆ ದಾರಿಯಲ್ಲಿ ಲಾಂಟಾನ ಪೊದೆ ಹತ್ತಿರ ಗಾಡಿ ನಿಲ್ಲಿಸಿದರು. ಸುತ್ತ ನೋಡಿದೆ. ಮನೆಯಿಲ್ಲ, ಗುಡಿಸಲಿಲ್ಲ. ಎರಡು ಗೂಟಗಲ್ಲಿನ ಮೇಲೆ ಅಡ್ಡ ಒಂದು ಚಪ್ಪಡಿ. ಹೊರೆಗಲ್ಲು. ಹಿಂದೆ ತಲೆ ಮೇಲೆ ಸೌದೆ, ಹುಲ್ಲು ಹೊತ್ತು ಹೋಗುವವರು, ಇನ್ನೊಬ್ಬರ ಕೈ ಬೇಡದೆ ಹೊರೆ ಇಳಿಸಿ ಉಸಿರು ಬಿಡುತ್ತಿದ್ದದ್ದು ಇಂಥದರ ಮೇಲೆ. ಚಪ್ಪಡಿಯಲ್ಲಿ ಮಾದಮ್ಮ ಅಂತ ಕೊರೆದಿತ್ತು. ಬೀಗರು ಟವೆಲಿನಲ್ಲಿ ಒರೆಸಿದರು, ಕುಡುಗೋಲು ತೆಗೆದು ಬುಡದ ಗರಿಕೆ ಕೆರೆದರು.

ಓಹೋ! ಹೆಂಗಸಲ್ಲ, ನಿಧಿ!

"ಎಷ್ಟು ಕೊಪ್ಪರಿಗೆ ಅವೆ ಬೀಗರೇ?" ಅಂದೆ.

ಅವರು ಉತ್ತರ ಕೊಡುವ ಮೊದಲೇ ಮೇಕೆ ಮೇಯಿಸುತ್ತಿದ್ದ ಹೆಂಗಸೊಬ್ಬಳು ಓಡಿ ಬಂದಳು. "ಅಗೀತೀಯಾ ಮುದುಕ? ಪೊಲೀಸ್ನೋರಿಗೆ ಹೇಳ್ತೀನಿ! ಕಾವಲಿಗೆ ಇವಳೊಬ್ಬಳ್ನ ಕರ್ಕಂಬಂದವ್ನೆ!"

ಪತ್ತೆ ಮಾಡಲು ಬಂದವಳು ನಾನೇ ಕಳ್ಳಿಯಾದೆ!

ಬೀಗರು ಅವಳ ಬೈಗುಳ ಕೇಳಿಸಿಕೊಳ್ಳಲೇ ಇಲ್ಲ. ಚಪ್ಪಡಿ ಹತ್ತಿ ಕಾಲು ಇಳಿಬಿಟ್ಟು ಕೂತರು, ಅರವತ್ತೆಂಟರ ಮನುಷ್ಯ! "ಇದೂ ಕುಳ್ಳಾಯ್ತು. ನಮ್ಮವ್ವಂದು ಎತ್ತರ ಇತ್ತು ಕಣ್ರೀ. ಅಪ್ಪ ನನ್ನ ಎತ್ತಿ ಕೂರ್ಸಿದ್ದ, ಭಯ ಆಗಿತ್ತು."

"ಆಗ ನಿಮ್ಗೆ ಎಷ್ಟು?"

"ನಾಕು."

"ನಾಕು ವರ್ಷದೋನಿಗೆ ಮೇಕೆನೂ ಎತ್ತರವೇ ಬುಡಿ."

ಅವರು ನಕ್ಕರು. ಆಮೇಲೆ ಹೇಳಿದರು. ಅವರ ಅವ್ವ ಮಾದಮ್ಮ, ತುಂಬು ಬಸುರಿ, ಹೆರದೆ ತೀರಿಹೋದಳು. ಹಾಗೆ ಹೋದವಳು ಹೊಟ್ಟೆಯ ಹೊರೆ ಇಳಿಸದೆ ಹೋದಳು ಅಂತ ದಾರೀಲಿ ಅವಳ ಹೆಸರಿಗೊಂದು ಹೊರೆಗಲ್ಲು ನೆಡುವುದು ನಮ್ಮ ಕಡೆ ಪದ್ಧತಿ. ಮಂದಿ ಹೊರೆ ಇಳಿಸಿದಷ್ಟೂ ಅವಳಿಗೆ ಹಗುರ. ಅಪ್ಪ ಕಲ್ಲು ನೆಟ್ಟು, ಮಗನನ್ನು ಸೋದರಮಾವನ ಮನೆಯಲ್ಲಿ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಈ ದಾರಿ ಅಂತ ಮಾತ್ರ ನೆನಪು. ಅವರು ವಾರವಾರ ನೋಡಿಬಂದ ಉಳಿದ ಮಾದಮ್ಮಂದಿರೂ ಇಂಥ ಕಲ್ಲುಗಳೇ; ಅವಕ್ಕೆಲ್ಲ ವಾರಸುದಾರರು ಸಿಕ್ಕಿದ್ದರು. ಸಿಗದವರು ಇಬ್ಬರೇ: ಇವಳು, ಮತ್ತೆ ಕೂಗಳತೆ ದೂರದಲ್ಲಿ ಇನ್ನೊಬ್ಬಳು.

ಇವರಿಗೆ ಆತುರ ಯಾಕೆ ಅಂದರೆ, ರಸ್ತೆ ಅಗಲ ಮಾಡುತ್ತಿದ್ದರು. ಎರಡಕ್ಕೂ ಕೆಂಪು ಬಣ್ಣದ ಗುರುತು ಬಿದ್ದಿತ್ತು. ಮನೆತನದವರು ಬರೆದುಕೊಟ್ಟರೆ ಕಲ್ಲು ಪಕ್ಕಕ್ಕೆ ಸರಿಸಿ ನೆಡುತ್ತಾರೆ, ಇಲ್ಲದಿದ್ದರೆ ಒಡೆದು ಜಲ್ಲಿ. ಕೆಲಸದ ಮೇಲ್ವಿಚಾರಕ ಅಲ್ಲೇ ಛತ್ರಿ ಹಿಡಿದು ನಿಂತಿದ್ದ.

"ಎರಡೂ ಉಳ್ಸಿ ಸ್ವಾಮಿ," ಅಂದರು ಬೀಗರು.

"ಎರಡೂ ನಿಮ್ಮವ್ವಂದಾ? ಒಬ್ಬನಿಗೆ ಎಷ್ಟು ಜನ ಅವ್ವಂದಿರು ಯಜಮಾನ್ರೇ? ಒಂದು ಹೇಳಿ. ಇನ್ನೊಂದು ನಾಳೆ ಒಡೀತೀವಿ."

ಬೀಗರು ಈ ಕಲ್ಲಿಂದ ಆ ಕಲ್ಲಿಗೆ ಹೋದರು, ಬಂದರು. ಮತ್ತೆ ಹೋದರು. ಕೈ ಇಟ್ಟರು, ತೆಗೆದರು. ಪಂಚೆಯೆಲ್ಲ ಕೆಂಪು ಧೂಳು.

"ತಪ್ಪಿದ್ದು ಹೇಳ್ಬುಟ್ರೆ, ಅವ್ವನ್ನ ನಾನೇ ಒಡಸ್ದಂಗಲ್ವಾ ಬೀಗ್ತಿ?"

ನನಗೆ ಅಳುವ ಗಂಡಸರನ್ನು ಕಂಡರಾಗದು. "ಯಾವ್ದೋ ಒಂದಕ್ಕೆ ರುಜು ಹಾಕಿ ನಡೀರಿ, ಬಿಸಿಲು," ಅಂದೆ. ದೂರದ್ದಕ್ಕೆ ಹಾಕಿದರು. ಮನೆಗೆ ಬಂದವರು ತಟ್ಟೆ ಮುಂದೆ ಕೂತು, ಮುದ್ದೆ ಮುಟ್ಟದೆ ಎದ್ದರು.

ನಮ್ಮವ್ವನ ಹೆಸರು ಸಿದ್ದಮ್ಮ. ಅವಳು ಆಗ ಪುಣಜನೂರಲ್ಲಿ, ನನ್ನ ತಮ್ಮನ ಮನೆಯಲ್ಲಿ, ಸೊಸೆಯನ್ನು ಬೈಯುತ್ತಾ ಎರಡೆರಡು ಮುದ್ದೆ ನುಂಗಿಕೊಂಡು ಗಟ್ಟಿಯಾಗಿದ್ದಳು. ಇರಲಿ. ಮಾರನೆ ಬೆಳಿಗ್ಗೆ ಯಾರಿಗೂ ಹೇಳದೆ ಮೊದಲ ಬಸ್ಸು ಹತ್ತಿ ಹೋಗಿ, ಉಳಿದ ಆ ಕಲ್ಲು ನಮ್ಮವ್ವನದು ಅಂತ ಬರೆದುಕೊಟ್ಟು ಬಂದೆ.