ಎಲ್ಲಿಗೆ ಅಂತ ಕೇಳುವ ಕೆಲಸ

ರಸ್ತೆ ಬದಿ ಕುರ್ಚಿ ಹಾಕಿಕೊಂಡು ಕೂತ ಮನುಷ್ಯನನ್ನು ನಮ್ಮ ಕಡೆ ಯಾರೂ ಸುಮ್ಮನೆ ಬಿಡುವುದಿಲ್ಲ. ನನ್ನ ಕಸುಬೇ ಹಾಗೆ ಕೂಡುವುದು. ಹಾಗಾಗಿ ಇಂಥ ಪ್ರಸಂಗಗಳಿಗೆ ನನ್ನ ಹತ್ತಿರ ಬರಗಾಲ ಅಂತ ಬಂದದ್ದೇ ಇಲ್ಲ.

ಕಾಲುವೆ ನೀರು ಬಂದು ಶಹಾಪುರದ ಸುತ್ತ ಭತ್ತ ಬೆಳೆಯತೊಡಗಿದ್ದ ಕಾಲ. ಊರ ಹೊರಗಿನ ಹಳೇ ಹತ್ತಿ ಮಿಲ್ಲು ಮುಚ್ಚಿತ್ತು. ಅದನ್ನು ಕೆಡವಿ ದೊಡ್ಡ ಅಂಗಡಿ ಸಾಲು ಕಟ್ಟುವವರಿದ್ದರು. ಕಟ್ಟಿದ ಮೇಲೆ ಆ ರಸ್ತೆಗೆ ಎಷ್ಟು ಗಾಡಿ ಬಂದಾವು ಎಂದು ಮೊದಲೇ ಅಂದಾಜು ಹೇಳುವ ಗುತ್ತಿಗೆ ಬೆಂಗಳೂರಿನ ಒಂದು ಕಂಪನಿಯದು. ಬಿಸಿಲಲ್ಲಿ ಕೂತು ಎಣಿಸುವ ಪಾಳಿ ಯಾದಗಿರಿಯವನಾದ ನನ್ನದು.

ಮಿಲ್ಲಿನ ಗೇಟಿನೆದುರು ಒಂದು ಬೇವಿನ ಮರ, ಮರದ ಕೆಳಗೆ ಚಹಾದಂಗಡಿ, ಅದರ ಪಕ್ಕ ಬಸ್ ನಿಲ್ಲುವ ಜಾಗ. ದಿನಾ ಬೆಳಿಗ್ಗೆ ಬೋನಾಳದ ಶಾಲೆಯ ಟೀಚರ್ ಒಬ್ಬರು ಅಲ್ಲಿಗೆ ಬಂದು ಸುರಪುರದ ಬಸ್ಸಿಗೆ ಕಾಯುತ್ತಿದ್ದರು. ಅವರು ಬರುವ ತನಕ ನನ್ನ ಎಣಿಕೆ ಒಂದೂ ತಪ್ಪುತ್ತಿರಲಿಲ್ಲ.

ಮಂದಿ ಏನ್ರಿ, ಸಾಮಾನೇನ್ರಿ?

ಮಂದಿ ಒಯ್ಯುವ ಗಾಡಿ ಬೇರೆ, ಸಾಮಾನು ಒಯ್ಯುವ ಗಾಡಿ ಬೇರೆ ಎಣಿಸಬೇಕೆಂದು ನಮ್ಮ ಸಾಹೇಬರ ಅಪ್ಪಣೆ. ಒಂದಿನ ಕೊಂಕಲ್ ಕಡೆಯ ಟ್ರ್ಯಾಕ್ಟರೊಂದು ಬಂತು. ಟ್ರೇಲರಿನ ತುಂಬ ಭತ್ತದ ಚೀಲ, ಚೀಲದ ಮೇಲೆ ನಿಶ್ಚಯಕ್ಕೆ ಹೊರಟ ಬೀಗರು. ಇದನ್ನು ಯಾವುದರಲ್ಲಿ ಸೇರಿಸಲಿ? ನಿಲ್ಲಿಸಿ ಕೇಳಿಯೇಬಿಟ್ಟೆ, "ಇದು ಮಂದಿ ಗಾಡಿ ಏನ್ರಿ, ಸಾಮಾನಿನ ಗಾಡಿ ಏನ್ರಿ?"

ಎಲ್ಲಕ್ಕಿಂತ ಮೇಲಿನ ಚೀಲದ ಮೇಲೆ ಕೂತಿದ್ದ ಮುದುಕಿ ಬಗ್ಗಿ ನೋಡಿದಳು. ಪಕ್ಕದಲ್ಲಿ ಅವಳ ಯಜಮಾನರು ಬಾಯಿ ತೆರೆದು ನಿದ್ದೆ ಹೋಗಿದ್ದರು.

"ನಾ ಮಂದಿ, ಈತ ಸಾಮಾನು. ಹಂಗ ಬರಕೋ ತಮ್ಮಾ" ಅಂದಳು.

ಬಸ್ಸಿಗೆ ಕಾಯುತ್ತಿದ್ದ ಟೀಚರ್ ಸೆರಗು ಬಾಯಿಗೆ ಹಿಡಿದು ನಕ್ಕರು. ಆ ಟ್ರ್ಯಾಕ್ಟರ್ ಕೊನೆಗೆ ಯಾವ ಲೆಕ್ಕಕ್ಕೂ ಸೇರಲಿಲ್ಲ.

ನೀರು ಕುಡಿದು ಹೋಗಬೇಕು

ಮುಂದಿನ ವಾರ ಸಾಹೇಬರು ಬೆಂಗಳೂರಿನಿಂದ ಬಂದು ಹೊಸ ಕೆಲಸ ಹೇಳಿದರು. ಗಾಡಿ ನಿಲ್ಲಿಸಿ, ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಅಂತ ಕೇಳಬೇಕಂತೆ.

"ಸರ್, ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು. ಹೋದ ಕೆಲಸ ಆಗೋದಿಲ್ಲ ಅಂತಾರೆ ನಮ್ಮ ಕಡೆ. ದೂರೇನ್ರಿ ಅಂತ ಬೇಕಾದರೆ ಕೇಳಬಹುದು" ಎಂದೆ.

"ದೂರ ಅಂತ ಬರೆದರೆ ಯಾವ ಊರು ಅಂತ ಹೇಗೆ ತಿಳೀತದೆ? ನಮ್ಮ ಕೆಲಸ ಆದರೆ ಸಾಕು, ಕೇಳ್ರಿ" ಎಂದರು ಸಾಹೇಬರು.

ಮೊದಲು ಸಿಕ್ಕವರು ಜರಿ ರುಮಾಲು ಸುತ್ತಿಕೊಂಡು ಬೈಕಿನ ಹಿಂದೆ ಕೂತಿದ್ದ ಹಿರಿಯರು. "ಎಲ್ಲಿಗೆ ಹೊಂಟೀರಿ?" ಅಂದೆ, ಅಷ್ಟೇ.

"ಹೋತು! ಮಗಗ ಕನ್ಯಾ ನೋಡಾಕ ಹೊಂಟಾಗ ಎಲ್ಲಿಗೆ ಅಂತೀಯಲ್ಲೋ! ಯಾರ ಮಗ ನೀ?" ಎಂದು ಇಳಿದವರೇ ಚಹಾದಂಗಡಿಯ ಬೆಂಚಿನ ಮೇಲೆ ಕೂತರು. ಎಲ್ಲಿಗೆ ಅಂತ ಕೇಳಿಸಿಕೊಂಡವರು ಥೋಡೆ ಹೊತ್ತು ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕೆಂಬುದು ನಮ್ಮಲ್ಲಿಯ ಪದ್ಧತಿ. ಇವರಿಗೆ ಬರೇ ನೀರಿನಿಂದ ಸಮಾಧಾನವಾಗದೆ, ಬೈಕು ಮನೆಯ ತನಕ ವಾಪಸ್ ಹೋಗಿ ಮತ್ತೆ ಬಂತು. ನಾನು ಮತ್ತೆ ಎಣಿಸಿದೆ. ಎಣಿಸದೆ ಬಿಡುವಂತಿಲ್ಲವಲ್ಲ!

ಮಧ್ಯಾಹ್ನದ ಹೊತ್ತಿಗೆ ಬೆಂಚಿನ ಮೇಲೆ ಜಾಗವಿರಲಿಲ್ಲ. ನೀರು ಕುಡಿದವರು ಚಹಾನೂ ಕುಡಿದರು, ಚಹಾ ಕುಡಿದವರು ಮಿರ್ಚಿ ಭಜಿನೂ ತಿಂದರು, ಎಲ್ಲರೂ ನನ್ನನ್ನು ಬೈದರು. ಅಂಗಡಿಯವನು ಮಾತ್ರ ನನ್ನನ್ನು ಕರೆದು ಚಹಾ ಕೊಟ್ಟ.

"ಸಾಹೇಬ್ರ, ನೀವು ಕೇಳಕೋತ ಇರ್ರಿ, ನಾ ನೀರು ಕೊಟ್ಕೋತ ಇರ್ತೀನಿ. ಇಬ್ಬರದೂ ಕಸುಬು ನಡೀತದ" ಅಂದ.

ಇಡೀ ರಸ್ತೆಯಲ್ಲಿ ನಾನು ಆ ಪ್ರಶ್ನೆ ಕೇಳದೆ ಬಿಟ್ಟದ್ದು ಟೀಚರ್ ಒಬ್ಬರನ್ನೇ. ಅವರು ಹೊರಟ ಕೆಲಸ ನನ್ನ ಬಾಯಿಂದ ಕೆಡಬಾರದು ಎಂದು ಮನಸ್ಸಿನಲ್ಲಿತ್ತು.

ಭವಿಷ್ಯ ಹೇಳುವವರು

ಮುಂದೆ ಎಷ್ಟು ಗಾಡಿ ಬರುತ್ತವೆಂದು ಹೇಳುವವರು ಇವರು ಅಂತ ಚಹಾದಂಗಡಿಯವನು ಊರೆಲ್ಲ ಹೇಳಿದ್ದ. ಅದು ಬಾಯಿಂದ ಬಾಯಿಗೆ ಹೋಗಿ, ಭವಿಷ್ಯ ಹೇಳುವವರು ಬಂದಾರಂತ ಅಂತಾಯಿತು. ಒಬ್ಬಾಕೆ ಬಂದು, ಕಳೆದುಹೋದ ತನ್ನ ಎಮ್ಮೆ ಯಾವ ದಿಕ್ಕಿಗೆ ಹೋಗಿದೆ ಅಂತ ಕೇಳಿದಳು. ಕಾಲುವೆಯ ತುದಿಯ ಹೊಲದ ರೈತರೊಬ್ಬರು ಅಂಗೈ ಚಾಚಿಕೊಂಡೇ ಕೂತರು.

"ನಮ್ಮ ಹೊಲಕ್ಕ ನೀರು ಯಾವಾಗ ಬರ್ತದ್ರಿ?"

"ಅದು ನನಗ ಗೊತ್ತಾಗಂಗಿಲ್ರಿ. ನಂದು ಬರೇ ಗಾಡಿ ಭವಿಷ್ಯ."

"ಗಾಡಿ ಬಂದು ಏನು ಮಾಡೂದದ? ಟ್ಯಾಂಕರ್ ಬರ್ತದೇನು ನೋಡ್ರಿ" ಅಂದರು.

ಟೀಚರ್ ನಗುತ್ತ, "ಹಂಗಾದ್ರ ನನ್ನ ಬಸ್ ಯಾವಾಗ ಬರ್ತದ ಹೇಳ್ರಿ" ಎಂದರು. ಅವರು ನನ್ನ ಜೊತೆ ಆಡಿದ ಮೊದಲ ಮಾತು ಅದು. "ಈಗ ಬಂದೇ ಬಿಡ್ತದ್ರಿ" ಎಂದೆ. ಎಂದೂ ಹೊತ್ತಿಗೆ ಬರದ ಆ ಬಸ್ಸು, ನನ್ನ ಮಾನ ಉಳಿಸಲೆಂದೋ ಏನೋ, ತಿರುವಿನಲ್ಲಿ ಕಾಣಿಸಿಯೇಬಿಟ್ಟಿತು.

ಟೀಚರ್ ಮುಖ ಸಣ್ಣದು ಮಾಡಿಕೊಂಡರು. "ನಾಳಿಂದ ಥೋಡೆ ತಡಾ ಮಾಡಿ ಹೇಳ್ರಿ" ಎಂದು ಹತ್ತಿ ಹೋದರು.

ಬಸ್ಸು ಬೇಗ ಬಂತೆಂದು ದೂರು ಹೇಳಿದವರನ್ನು ನಾನು ನೋಡಿದ್ದು ಅದೊಂದೇ ಸಲ.

ದೂರೇನ್ರಿ?

ಎಣಿಕೆಯ ಕೊನೆಯ ದಿನ ಅವರು ದೊಡ್ಡ ಚೀಲ ಹಿಡಿದು ಬಂದರು. ಅಂದು ಸುರಪುರದ ಕಡೆ ನಿಲ್ಲದೆ, ರಸ್ತೆ ದಾಟಿ ಯಾದಗಿರಿ ಕಡೆಯ ಬಸ್ಸಿಗೆ ನಿಂತರು. ಒಂದು ಬಸ್ಸು ಬಂತು, ಹತ್ತಲಿಲ್ಲ. ನನ್ನ ಕಡೆ ನೋಡಿದರು. ಎಲ್ಲಿಗೆ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ರಸ್ತೆ ದಾಟಿ ಹೋಗಿ, "ದೂರೇನ್ರಿ?" ಎಂದೆ.

"ದೂರನ ರೀ" ಅಂದರು. ಮುಂದಿನ ಬಸ್ಸು ಬಂತು. "ಬರ್ತೀನ್ರಿ" ಅಂದು ಹತ್ತಿದರು.

ನಮ್ಮ ಕಡೆ ಹೋಗುವವರೂ ಬರ್ತೀನಿ ಅಂತಲೇ ಹೇಳುತ್ತಾರೆ. ಗೊತ್ತಿದ್ದೂ ನಾನು ನಿಜವೇ ಅಂದುಕೊಂಡೆ. ಆಮೇಲೆ ಎಷ್ಟೋ ದಿನ, ಕೆಲಸವಿಲ್ಲದಿದ್ದರೂ ಆ ಬೇವಿನ ಮರದ ಕೆಳಗೆ ಬಂದು ಕೂಡುತ್ತಿದ್ದೆ. ಈಗ ಏನು ಎಣಿಸಾಕತ್ತೀರಿ ಅಂತ ಚಹಾದಂಗಡಿಯವನು ಕೇಳಿದರೆ ಇನ್ನೊಂದು ಚಹಾ ಹೇಳುತ್ತಿದ್ದೆ.

ಹೊಸ ಪಾರ್ಕಿಂಗು

ಅಂಗಡಿ ಸಾಲು ಎದ್ದಿತು. ಹೋದವರೇ ತಿರುಗಿ ಬಂದದ್ದನ್ನೆಲ್ಲ ಎಣಿಸಿದ್ದೆನಲ್ಲ, ಸಾಹೇಬರ ಅಂದಾಜಿನಲ್ಲಿ ಗಾಡಿಗಳು ಉಕ್ಕಿ ಹರಿದಿದ್ದವು. ಹೀಗಾಗಿ ಪಾರ್ಕಿಂಗ್ ಜಾಗ ಮೈದಾನದಷ್ಟು. ಹಲವು ವರ್ಷ ಬಿಟ್ಟು ಹೋಗಿ ನೋಡಿದರೆ ಅಲ್ಲಿ ಒಂದೂ ಗಾಡಿಯಿಲ್ಲ, ಉದ್ದಕ್ಕೂ ಭತ್ತ ಒಣಹಾಕಿದ್ದರು. ಚಹಾದಂಗಡಿ ಮಾತ್ರ ಅಂಗಡಿ ಸಾಲಿನ ಮೆಟ್ಟಿಲ ಪಕ್ಕಕ್ಕೆ ಬಂದು ಪಕ್ಕಾ ಅಂಗಡಿಯಾಗಿತ್ತು.

ಭತ್ತ ತುಳಿಯದಂತೆ ಸೀರೆ ನಿರಿಗೆ ಎತ್ತಿಕೊಂಡು ಒಬ್ಬರು ಬಸ್ಸಿನ ಕಡೆ ಹೊರಟಿದ್ದರು. ಕೂದಲು ನೆರೆತಿತ್ತು, ಕೊರಳಲ್ಲಿ ತಾಳಿ, ಮುಂದೆ ಎತ್ತರಕ್ಕೆ ಬೆಳೆದ ಮಗಳು. ಟೀಚರೇ. ಅವರೂ ಗುರುತು ಹಿಡಿದರು.

"ಊರ ಮಂದಿನ್ನೆಲ್ಲ ಎಲ್ಲಿಗೆ ಅಂತ ಕೇಳಿದ್ರಿ. ನನ್ನ ಒಬ್ಬಾಕಿನ್ನ ಬಿಟ್ರಿ" ಎಂದರು.

"ನಿಮ್ಮ ಕೆಲಸ ಕೆಡಬಾರದು ಅಂತ…"

"ಕೆಡ್ಲಿ ಅಂತನ ಬಸ್ ಬಿಟ್ಟು ನಿಂತಿದ್ದೆ. ವರ ನೋಡಾಕ ಬರ್ತಾನ ಅಂತ ಊರಿಗೆ ಕರಿಸಿದ್ರು. ನೀವು ಕೇಳಿದ್ರ ಕುಂತು ನೀರು ಕುಡೀಬಹುದಿತ್ತು."

ಆಚೆ ಬಸ್ಸು ಹಾರ್ನ್ ಹಾಕಿತು. ಅವರು ಚೀಲ ಎತ್ತಿಕೊಂಡು ಎರಡು ಹೆಜ್ಜೆ ಇಟ್ಟರು. ಆಗ, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಎಲ್ಲಿಗೆ ಹೊಂಟೀರಿ?"

ಅವರು ಗಕ್ಕನೆ ನಿಂತರು. ತಿರುಗಿ ಬಂದು ಮೆಟ್ಟಿಲ ಮೇಲೆ ಕೂತು, ಚಹಾದಂಗಡಿಯವನಿಗೆ "ಒಂದು ಗ್ಲಾಸ್ ನೀರು ಕೊಡ್ರಿ" ಎಂದರು.

"ಅವ್ವಾ, ಬಸ್ ಹೊಂಟದ!" ಎಂದು ಮಗಳು ರಸ್ತೆಯಿಂದ ಕೂಗಿದಳು.

"ಹೋಗ್ಲಿ ಬಿಡವ್ವಾ. ಇವ್ರು ಎಲ್ಲಿಗೆ ಅಂತ ಕೇಳ್ಯಾರ. ಕುಂದರಲೇಬೇಕು."